ಚರಕ ಇಲ್ಲ ಎಂದೆ

ಮೊದಲ ಕೆಮ್ಮು ಬಂದದ್ದು ಹಿತ್ತಲ ಕೊಟ್ಟಿಗೆಯಲ್ಲಿ. ಒಲೆಯ ಹೊಗೆ ಇರಬೇಕು ಅಂದುಕೊಂಡೆ.

ಹೊಗೆಯೂ ಇತ್ತು, ಆವಿಯೂ ಇತ್ತು. ರೇಷ್ಮೆ ಗೂಡನ್ನು ಕುದಿಯುವ ನೀರಿಗೆ ಹಾಕಿ, ಎಳೆ ಹುಡುಕಿ, ಚರಕಕ್ಕೆ ಸುತ್ತುವ ಕೆಲಸ ಅದು. ಬೆಂದ ಹುಳುವಿನ ವಾಸನೆ ಸೀರೆಗೆ ಹತ್ತುತ್ತದೆ, ಕೂದಲಿಗೆ ಹತ್ತುತ್ತದೆ, ಕೊನೆಗೆ ತಟ್ಟೆಯ ಮುದ್ದೆಗೂ ಹತ್ತುತ್ತದೆ. ಬೇರೆಯವರು ಆ ಕೆಲಸವನ್ನು ಬಯಲಲ್ಲಿ ಚಪ್ಪರ ಹಾಕಿಕೊಂಡು ಮಾಡುತ್ತಾರೆ. ನಮ್ಮ ಮನೆಯಲ್ಲಿ ಬಾಗಿಲು ಮುಚ್ಚಿ, ಕಿಟಕಿಗೆ ಗೋಣಿ ಕಟ್ಟಿ ಮಾಡುತ್ತಿದ್ದೆವು.

ಯಾಕೆಂದರೆ ನಾವು ಗೌಡರ ಮನೆಯವರು. ಮೇಲೂರಿನಿಂದ ಎರಡು ಮೈಲಿ ದೂರದ ಹಳ್ಳಿ. ಹಿಪ್ಪುನೇರಳೆ ತೋಟ ಇತ್ತು, ಹುಳು ಸಾಕುತ್ತಿದ್ದೆವು, ಅದು ಮರ್ಯಾದೆಯ ಕೆಲಸ. ಗೂಡು ಬೇಯಿಸುವುದು ಕೂಲಿಯವರ ಕೆಲಸ, ಕೇರಿಯವರ ಕೆಲಸ ಎಂದು ಊರು ಮೊದಲೇ ಹಂಚಿಟ್ಟಿತ್ತು. ಆದರೆ ಗೂಡು ಮಾರುವುದಕ್ಕಿಂತ ನೂಲು ಮಾರಿದರೆ ಹೆಚ್ಚು ಗಿಟ್ಟುತ್ತದೆ ಎಂದು ಮಾವನವರಿಗೆ ಹೊಳೆಯಿತು. ಎರಡು ಚರಕ ಹಿತ್ತಲಿಗೆ ಬಂದವು. ಕೂಲಿಗೆ ಜನ ಕರೆದರೆ ಊರೆಲ್ಲ ಆಡಿಕೊಳ್ಳುತ್ತದೆ, ಅದಕ್ಕೆ ಸೊಸೆಯರನ್ನೇ ಕೂರಿಸಿದರು. ಒಂದಕ್ಕೆ ನನ್ನ ಓರಗಿತ್ತಿ ನಂಜಮ್ಮ, ನನ್ನ ಬಾಯಲ್ಲಿ ನಂಜಕ್ಕ. ಇನ್ನೊಂದಕ್ಕೆ ನಾನು.

"ಯಾರಾದ್ರೂ ಕೇಳಿದ್ರೆ ಹುಳ ಸಾಕ್ತೀವಿ ಅನ್ನು, ಅಷ್ಟೇ ಕಣಮ್ಮ ಸರೋಜ," ಎಂದಿದ್ದರು ಅತ್ತೆ. "ಜಾಸ್ತಿ ಮಾತಾಡಿದ್ರೆ ನಾಲಿಗೆ ಸೀಳ್ತೀನಿ."

ನಗುತ್ತಲೇ ಅಂದದ್ದು. ನಮ್ಮತ್ತೆ ನಕ್ಕರೆ ಮಾವನವರೂ ಎದ್ದು ಆಚೆ ಹೋಗುತ್ತಿದ್ದರು. ಆ ವಾಸನೆ ಎಂಥದೆಂದು ಊರಿನವರ ಮೂಗಿಗೆ ಗೊತ್ತಿರಲಿಲ್ಲವೇ, ಚೆನ್ನಾಗಿ ಗೊತ್ತಿತ್ತು. ಗೌಡರ ಮನೆ ಅಂತ ಯಾರೂ ಬಾಯಿ ಬಿಡುತ್ತಿರಲಿಲ್ಲ.

ಕೆಮ್ಮು ನಿಲ್ಲಲಿಲ್ಲ. ಸಂಜೆಗೆ ಮೈ ಬೆಚ್ಚಗಾಗತೊಡಗಿತು. ಎದೆಯೊಳಗೆ ಸುಂಯ್ ಎಂಬ ಸದ್ದು. ರವಿಕೆ ಸಡಿಲವಾಯಿತು. ಶುಂಠಿ ಕಷಾಯ ಆಯಿತು, ಮೆಣಸಿನ ಕಷಾಯ ಆಯಿತು, ಯಾರದೋ ದೃಷ್ಟಿ ಎಂದು ನಿವಾಳಿಸಿದ್ದೂ ಆಯಿತು. ಶಿಡ್ಲಘಟ್ಟದ ಆಸ್ಪತ್ರೆಯ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಮುಖ ಎತ್ತದೆ ಒಂದು ಚೀಟಿ ಬರೆದುಕೊಟ್ಟರು. ನಮ್ಮ ಯಜಮಾನರು ನನ್ನನ್ನು ಸಣ್ಣ ರೈಲಿನಲ್ಲಿ ಕೂರಿಸಿಕೊಂಡು ಹೊರಟರು. ಆ ದೊಡ್ಡ ಆಸ್ಪತ್ರೆಯ ಹೆಸರನ್ನಾಗಲಿ, ಅದಿರುವ ಊರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಎಕ್ಸ್‌ರೇ ತೆಗೆದರು. ಬಲಗಡೆ ನೆರಳಿದೆ ಎಂದರು. ಕಫ ಮೂರು ಸಲ ಪರೀಕ್ಷೆ ಮಾಡಿದರು, ಮೂರು ಸಲವೂ ನೆಗೆಟಿವ್. ಆದರೂ ನೆರಳಿದೆಯಲ್ಲ ಎಂದರು.

ಟಿ.ಬಿ.

ನನ್ನ ಮಗಳು ರತ್ನನಿಗೆ ಆಗ ಎಂಟು ತಿಂಗಳು. ಎದೆಹಾಲು ಕುಡಿಯುವ ಕೂಸು. ಆಸ್ಪತ್ರೆಗೆ ಸೇರುವ ಮೊದಲು ಬಟ್ಟೆ ತರಲೆಂದು ಊರಿಗೆ ಹೋದಾಗ, ಬಾಗಿಲಲ್ಲೇ ಅತ್ತೆ ಕೈ ಅಡ್ಡ ಹಿಡಿದರು. ಒಳಗೆ ರತ್ನ ಅಳುತ್ತಿತ್ತು. ನನ್ನ ರವಿಕೆ ಒದ್ದೆಯಾಯಿತು. ನಂಜಕ್ಕ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ನಡುಮನೆಯಲ್ಲೇ ನಿಂತಿದ್ದಳು. ಅವಳಿಗೆ ಮದುವೆಯಾಗಿ ಒಂಬತ್ತು ವರ್ಷವಾದರೂ ಮಕ್ಕಳಿರಲಿಲ್ಲ. ಅವಳ ಮೇಲೆ ನನಗೆ ಆವತ್ತು ಬಂದಷ್ಟು ಹೊಟ್ಟೆಕಿಚ್ಚು ಯಾರ ಮೇಲೂ ಬಂದಿಲ್ಲ. ಅದನ್ನು ಮುಚ್ಚಿಡುವುದಿಲ್ಲ.

ಸ್ಯಾನಟೋರಿಯಮ್ಮಿನಲ್ಲಿ ಮೂರೇ ವಾರಕ್ಕೆ ಕೆಮ್ಮು ಇಳಿಯಿತು. ದಿನಾ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್. ಹಾಲು, ಮೊಟ್ಟೆ, ಗಾಳಿ ಆಡುವ ಉದ್ದನೆಯ ವರಾಂಡ. "ಔಷಧಿ ಹಿಡೀತಾ ಇದೆ," ಎಂದು ಚೀಫ್ ಡಾಕ್ಟರು ಬೆನ್ನು ತಟ್ಟಿದರು. ಅವರು ಕೆಟ್ಟವರಲ್ಲ. ವಾರ್ಡಿನ ನಲವತ್ತು ಹೆಂಗಸರ ಹೆಸರೂ ಅವರಿಗೆ ಬಾಯಿಪಾಠ ಇತ್ತು. ನನಗೂ ಔಷಧಿಯೇ ಹಿಡಿಯುತ್ತಿದೆ ಎಂದು ನಂಬಿಕೆ. ಹನ್ನೊಂದು ತಿಂಗಳಾದ ಮೇಲೆ ಮನೆಗೆ ಕಳಿಸಿದರು.

ರತ್ನ ನಡೆಯುತ್ತಿದ್ದಳು. ನನ್ನನ್ನು ನೋಡಿ ನಂಜಕ್ಕನ ಸೆರಗಿನ ಹಿಂದೆ ಬಚ್ಚಿಟ್ಟುಕೊಂಡಳು. ನಂಜಕ್ಕನನ್ನು ಅಮ್ಮ ಎನ್ನುತ್ತಿದ್ದಳು.

ನನಗೆ ತಟ್ಟೆ ಬೇರೆ, ಲೋಟ ಬೇರೆ, ಚಾಪೆ ಬೇರೆ. ಮಗುವನ್ನು ಮುಟ್ಟುವ ಹಾಗಿಲ್ಲ. ಒಂದು ತಿಂಗಳು ಹೀಗೆ ಜಗಲಿಯಲ್ಲಿ ಕೂರಿಸಿದ ಅತ್ತೆ ಒಂದು ಬೆಳಗ್ಗೆ, "ಮೈ ತುಂಬ್ಕೊಂಡಿದೀಯಲ್ಲಮ್ಮ, ಸುಮ್ನೆ ಕೂತು ಏನ್ ಮಾಡ್ತೀಯ?" ಎಂದು ಕೊಟ್ಟಿಗೆಯ ಬಾಗಿಲು ತೋರಿಸಿದರು. ಮಗುವನ್ನು ಮುಟ್ಟಬಾರದ ಕೈ ಚರಕ ಮುಟ್ಟಬಹುದಿತ್ತು. ನೂಲಿಗೆ ಟಿ.ಬಿ. ಅಂಟುವುದಿಲ್ಲವಲ್ಲ.

ಆರನೇ ದಿನಕ್ಕೆ ಕೆಮ್ಮು ಬಂತು. ಹತ್ತನೇ ದಿನಕ್ಕೆ ಉಸಿರು ಸಿಗದೆ ಗೋಡೆ ಹಿಡಿದು ನಿಂತೆ.

ಮರುಕಳಿಸಿದೆ ಎಂದರು. ಮತ್ತೆ ಅದೇ ರೈಲು, ಅದೇ ವಾರ್ಡು, ಅದೇ ಇಂಜೆಕ್ಷನ್, ಈ ಸಲ ಹೆಚ್ಚು. ಎರಡನೇ ತಿಂಗಳಿಗೆ ಬಲಗಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ ಶುರುವಾಯಿತು. ಆಮೇಲೆ ಆ ಕಿವಿಯಲ್ಲಿ ಏನೂ ಕೇಳಿಸದಾಯಿತು. ಜೀವ ಉಳಿಯಬೇಕಾದರೆ ಕಿವಿ ಹೋದರೆ ಹೋಗಲಿ ಎಂದರು ಸಿಸ್ಟರ್. ಇದ್ದ ಕಾಯಿಲೆಗೆ ಕಿವಿ ಕೊಟ್ಟಿದ್ದರೆ ನನಗೂ ಬೇಸರ ಇರುತ್ತಿರಲಿಲ್ಲ. ನಾನು ಕಿವಿ ಕೊಟ್ಟದ್ದು ಇಲ್ಲದ ಕಾಯಿಲೆಗೆ.

ಎರಡನೇ ಸಲ ಸೇರಿದ ಮೊದಲ ವಾರದಲ್ಲಿ ನಡೆದದ್ದನ್ನು ಹೇಳಬೇಕು. ಇಡೀ ಕಥೆ ಅಲ್ಲೇ ಕೆಟ್ಟದ್ದು.

ಬೆಳಗ್ಗೆ ಚೀಫ್ ರೌಂಡ್ಸಿಗೆ ಬರುತ್ತಿದ್ದರು. ಹಿಂದೆ ಎದೆರೋಗದ ವಿದ್ಯೆ ಕಲಿಯುತ್ತಿದ್ದ ಏಳೆಂಟು ಡಾಕ್ಟರುಗಳು. ಎಲ್ಲ ಗಂಡಸರು. ಅಷ್ಟು ಜನರ ಮುಂದೆ ಸೆರಗು ತೆಗೆದು ಕೂರಬೇಕು. ನಾನು ಗೋಡೆ ನೋಡುತ್ತ ಕೂರುತ್ತಿದ್ದೆ. ಒಬ್ಬರಾದ ಮೇಲೆ ಒಬ್ಬರು ಕೊಳವೆ ಇಟ್ಟು ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಸಾಲಿನ ಕೊನೆಯಲ್ಲಿ ಒಬ್ಬ ಕಪ್ಪನೆಯ, ತೆಳ್ಳನೆಯ ಡಾಕ್ಟರು. ಡಾಕ್ಟರ್ ಪಿಳ್ಳಪ್ಪ ಎಂದು ಹೆಸರು. ಆವತ್ತು ಅವರ ಸರದಿ ಬಂದಾಗ ಕೊಳವೆ ಇಡಲಿಲ್ಲ. ನನ್ನ ಎರಡು ಕೈಯನ್ನೂ ತಿರುಗಿಸಿ ನೋಡಿದರು. ಬಿಸಿನೀರಿನಲ್ಲಿ ಅದ್ದಿ ಅದ್ದಿ ಬೆರಳ ತುದಿ ಬಿಳಿಚಿ ಒಡೆದಿತ್ತು. ಮೆಲ್ಲಗೆ, ನಮ್ಮ ಕಡೆಯ ತೆಲುಗಿನಲ್ಲಿ, "ಮೀ ಇಂಟ್ಲೊ ಚರಕ ಉಂದಾಮ್ಮ?" ಎಂದು ಕೇಳಿದರು. ಮನೆಯಲ್ಲಿ ಚರಕ ಇದೆಯಾ ಎಂದು. ಬೇರೆ ಡಾಕ್ಟರುಗಳಿಗೆ ಅರ್ಥವಾಗದಿರಲಿ ಎಂದೇ ತೆಲುಗು ಆಡಿದ್ದು, ಪಾಪ. ಆದರೆ ಪಕ್ಕದ ಮಂಚದಲ್ಲಿ ಚಿಂತಾಮಣಿಯ ಹೆಂಗಸೊಬ್ಬಳು ಮಲಗಿದ್ದಳು, ನಮ್ಮ ಸಂಬಂಧಿಕರ ಪೈಕಿ ಯಾರಿಗೋ ಗುರುತು. ಅವಳು ಕಣ್ಣು ಬಿಟ್ಟುಕೊಂಡು ಕೇಳುತ್ತಿದ್ದಳು.

"ಇಲ್ಲ," ಎಂದೆ. "ನಾವು ಹುಳ ಸಾಕ್ತೀವಿ. ಗೂಡು ಬೇಯ್ಸಲ್ಲ."

ಅವರು ಚೀಫ್ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಚೀಫ್ ನನ್ನನ್ನೇ ಕೇಳಿದರು. "ನಿಮ್ಮನೇಲಿ ರೇಷ್ಮೆ ನೂಲು ತೆಗೀತೀರೇನಮ್ಮ?"

"ಇಲ್ಲ ಸಾರ್."

ಎರಡನೇ ಸಲ.

"ಅಲ್ಲಯ್ಯ ಪಿಳ್ಳಪ್ಪ, ಗೂಡು ಬೇಯಿಸಿದರೆ ಬರೋ ಈ ಕಾಯಿಲೆ ಯಾವ ಪುಸ್ತಕದಲ್ಲಿದೆ?" ಎಂದರು ಚೀಫ್. ಉಳಿದವರು ನಕ್ಕರು.

"ಪುಸ್ತಕದಲ್ಲಿ ಇಲ್ಲ ಸಾರ್," ಎಂದರು ಪಿಳ್ಳಪ್ಪ. "ನಮ್ಮವ್ವನ ಎದೇಲಿತ್ತು."

ಚೀಫ್ ಮುಂದಿನ ಮಂಚಕ್ಕೆ ಹೋದರು. ಅವರಲ್ಲಿ ಎಷ್ಟು ಜನ ಒಂದು ರೇಷ್ಮೆ ಗೂಡನ್ನು ಕೈಯಲ್ಲಿ ಹಿಡಿದು ನೋಡಿದ್ದರೋ ಗೊತ್ತಿಲ್ಲ. ಹಬ್ಬದ ದಿನ ರೋಗಿಗಳಿಗೆ ಕಿತ್ತಳೆ ಹಂಚಲು ಅವರವರ ಮನೆಯ ಹೆಂಗಸರು ಬರುತ್ತಿದ್ದರು. ಒಬ್ಬೊಬ್ಬರ ಮೈಮೇಲೂ ಎಂಥ ಒಳ್ಳೆಯ ರೇಷ್ಮೆ ಸೀರೆ ಎಂದು ನಾನು ಎಳೆ ನೋಡಿ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ.

ಆವತ್ತು ಮಧ್ಯಾಹ್ನ ಊಟವಾದ ಮೇಲೆ ಪಿಳ್ಳಪ್ಪನವರು ಒಬ್ಬರೇ ಬಂದರು. ಪಕ್ಕದವಳು ಎಕ್ಸ್‌ರೇಗೆ ಹೋಗಿದ್ದಳು. ಸ್ಟೂಲು ಎಳೆದುಕೊಂಡು ಕೂತರು. ಊರಿನ ಮಾತು ಕೇಳಿದ ಆಸೆಗೆ, "ಯಾವೂರಪ್ಪ ನಿಮ್ದು?" ಎಂದು ಕೇಳಿದೆ. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯ ಒಂದು ಊರು ಹೇಳಿದರು. ನಮ್ಮ ಚಿಕ್ಕತ್ತೆಯನ್ನು ಕೊಟ್ಟ ಊರು ಅದು.

"ಊರಲ್ಲಿ ಯಾವ ಕಡೆ ಮನೆ?"

ಈ ಪ್ರಶ್ನೆ ಯಾಕೆ ಕೇಳುತ್ತೇವೆ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅವರಿಗೂ ಗೊತ್ತಿತ್ತು.

"ಊರಾಚೆ ಕಡೆ ಅಮ್ಮ," ಎಂದರು.

ನನ್ನ ಕೈ ತಾನಾಗಿ ಹೋಗಿ ನೀರಿನ ಚೊಂಬನ್ನು ನನ್ನ ಕಡೆ ಎಳೆದುಕೊಂಡಿತು. ದಿನಾ ಬೆಳಗ್ಗೆ ಅವರದೇ ಕೈಯಿಂದ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಿದ್ದವಳು ನಾನು. ಅವರು ಚೊಂಬನ್ನು ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಎದ್ದು ಹೋಗಬಹುದಿತ್ತು. ನಾನಾಗಿದ್ದರೆ ಹೋಗುತ್ತಿದ್ದೆ.

"ನೀವು ಚರಕ ಇಲ್ಲ ಅಂದ್ರಿ, ಇಲ್ಲ ಅಂತ್ಲೇ ಇಟ್ಕೊಳ್ಳಣ," ಎಂದರು. "ಮನೆಗೆ ಹೋದ್ಮೇಲೆ ಒಂದ್ ಕೆಲ್ಸ ಮಾಡಿ. ಹದಿನೈದು ದಿನ ಆವಿ ಇರೋ ಕಡೆ ಹೋಗ್ಬೇಡಿ. ಕೆಮ್ಮು ಬರ್ಲಿಲ್ಲ ಅಂದ್ರೆ, ಆಮೇಲೆ ಒಂದ್ ಅರ್ಧ ಗಂಟೆ ಹೋಗಿ ಕೂತ್ಕೊಳ್ಳಿ. ಏನಾಯ್ತು ಅಂತ ನಿಮಗೇ ಗೊತ್ತಾಗುತ್ತೆ."

ಆಗಲೇ ಸತ್ಯ ಹೇಳಿದ್ದರೆ ಮುಂದಿನ ಏಳು ತಿಂಗಳ ಇಂಜೆಕ್ಷನ್ ತಪ್ಪುತ್ತಿತ್ತು. ಕಿವಿ ಉಳಿಯುತ್ತಿತ್ತು. ನನಗೆ ಅತ್ತೆಯ ನಾಲಿಗೆ ನೆನಪಾಯಿತು, ಮನೆತನ ನೆನಪಾಯಿತು, ಊರಾಚೆಯವನಿಗೆ ನಮ್ಮ ಮನೆಯ ಗುಟ್ಟು ಯಾಕೆ ಎಂಬುದೂ ನೆನಪಾಯಿತು. ಹೊದಿಕೆ ಎಳೆದುಕೊಂಡು ಗೋಡೆ ಕಡೆ ತಿರುಗಿ ಮಲಗಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ನನ್ನಂಥವರನ್ನು ನೋಡಿಯೇ ಅಂದಿರಬೇಕು.

ಏಳು ತಿಂಗಳಾದ ಮೇಲೆ ಮನೆಗೆ ಬಂದೆ. ಅವರು ಹೇಳಿದ ಹಾಗೇ ಮಾಡಿದೆ. ಸುಸ್ತು ಎಂದು ನೆವ ಹೇಳಿ ಹದಿನೈದು ದಿನ ಜಗಲಿ ಬಿಟ್ಟು ಕದಲಲಿಲ್ಲ. ಒಂದು ಕೆಮ್ಮೂ ಇಲ್ಲ. ಹದಿನಾರನೇ ದಿನ ಕೊಟ್ಟಿಗೆಗೆ ಹೋಗಿ ನಂಜಕ್ಕನ ಪಕ್ಕ ಕೂತೆ. ಕುದಿಯುವ ಗೂಡಿನ ಆವಿ ಮುಖಕ್ಕೆ ಬಂತು. ಅರ್ಧ ಗಂಟೆ ಬೇಕಾಗಲಿಲ್ಲ.

ಎದೆಯ ಮೇಲೆ ಯಾರೋ ಬೀಸುವ ಕಲ್ಲು ಇಟ್ಟ ಹಾಗಾಯಿತು.

ನಂಜಕ್ಕ ನನ್ನನ್ನು ಹೊರಗೆ ಎಳೆದು ತಂದು, ಬೆನ್ನು ಉಜ್ಜಿ ಕೂರಿಸಿದಳು. ಉಸಿರು ಬಂದ ಮೇಲೆ ಅವಳಿಗೆ ಎಲ್ಲ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡಳು. ಎದ್ದು ಹೋಗಿ ಮತ್ತೆ ಚರಕಕ್ಕೆ ಕೂತಳು. ಸಂಜೆ ಯಜಮಾನರಿಗೆ ಹೇಳಿದೆ. "ಅವ್ವನಿಗೆ ಹೇಳ್ಬೇಡ," ಎಂದರು. ಆದರೂ ಹೇಳಿದೆ. "ದೊಡ್ಡ ಡಾಕ್ಟ್ರು ಟಿ.ಬಿ. ಅಂತ ಬರ್ದವ್ರೆ. ಆ ಕೇರಿಯವನ ಮಾತು ಕಟ್ಕೊಂಡು ನಮ್ಮನೆ ಚರಕಕ್ಕೆ ಕಾಯ್ಲೆ ಹೇಳ್ತೀಯಾ? ಕಲಿಗಾಲ ಬಂದಂಗಾಯ್ತು," ಎಂದರು ಅತ್ತೆ.

ದೊಡ್ಡ ಡಾಕ್ಟರೇ ಬೇರೆ ಬರೆದುಕೊಟ್ಟರೆ ಒಪ್ಪುತ್ತಾರಲ್ಲ ಎಂದು ಆಸೆ. ಒಂದು ಕಾಗದ ಸಿಕ್ಕರೆ ಮಗು ಕೈಗೆ ಸಿಗುತ್ತದೆ. ಯಜಮಾನರನ್ನು ಕಾಡಿ ಮತ್ತೆ ಆಸ್ಪತ್ರೆಗೆ ಹೋದೆ. ಚೀಫ್ ಎದುರಿಗೆ ನಿಂತು, ಚರಕ ಇದೆ ಸಾರ್, ಆವತ್ತು ಸುಳ್ಳು ಹೇಳಿದೆ ಎಂದೆ. ನನಗಿರುವುದು ಟಿ.ಬಿ. ಅಲ್ಲ ಎಂದು ಬರೆದುಕೊಡಿ ಎಂದೆ.

"ಪೂರ್ತಿ ವಾಸಿಯಾಗಿದೆ ಅಂತ ಬರೆದಿದೀವಲ್ಲಮ್ಮ," ಎಂದರು.

"ಇರ್ಲೇ ಇಲ್ವಲ್ಲ ಸಾರ್."

"ಇಲ್ಲದೆ ವಾಸಿಯಾಗುತ್ತಾ?" ಎಂದು ಕನ್ನಡಕ ತೆಗೆದು ಒರೆಸಿಕೊಂಡರು. ಸಿಟ್ಟಿನಿಂದ ಹೇಳಿದ್ದಲ್ಲ. ನಿಜವಾಗಿಯೂ ಅವರಿಗೆ ಅದು ತಲೆಗೆ ಹೋಗಲಿಲ್ಲ. ಡಾಕ್ಟರ್ ಪಿಳ್ಳಪ್ಪ ಎಲ್ಲಿ ಎಂದು ಕೇಳಿದೆ. ಅವರು ಇಲ್ಲಿಲ್ಲ, ಚಿಂತಾಮಣಿಗೆ ಹಾಕಿದ್ದಾರೆ ಎಂದರು.

ಚಿಂತಾಮಣಿಯ ಆಸ್ಪತ್ರೆಯಲ್ಲಿ ಪಿಳ್ಳಪ್ಪನವರು ಮಕ್ಕಳ ಗಾಯಕ್ಕೆ ಔಷಧಿ ಹಚ್ಚುತ್ತ ಕೂತಿದ್ದರು. ಬಾಗಿಲಾಚೆ ಸಾಲು. ನನ್ನನ್ನು ಕಂಡ ಕೂಡಲೇ, "ಅರ್ಧ ಗಂಟೆ ಕೂತ್ರಾ?" ಎಂದರು.

"ಚರಕ ಇತ್ತು. ಸುಳ್ಳು ಹೇಳ್ದೆ," ಎಂದೆ.

"ಗೊತ್ತಿತ್ತಮ್ಮ. ಕೈ ನೋಡಿದ್ನಲ್ಲ."

"ಅಲ್ಲೇ ಗಟ್ಟಿಯಾಗಿ ಹೇಳ್ಬೇಕಾಗಿತ್ತು ನೀವು."

"ಗೌಡರ ಮನೆಯವರು ಇಲ್ಲ ಅಂದ್ಮೇಲೆ ನಾನು ಇದೆ ಅಂದ್ರೆ ಯಾರ ಮಾತು ನಡೆಯುತ್ತೆ?"

ನಿಮ್ಮ ಓದು ಮುಗಿಯಿತಾ ಎಂದು ಕೇಳಿದೆ, ಏನಾದರೂ ಮಾತಾಡಬೇಕಲ್ಲ ಎಂದು. ಅಲ್ಲಿದ್ದಾಗ ಅವರು ಕೆಲಸ ಮಾಡುತ್ತ ಕಲಿಯುತ್ತಿದ್ದರಂತೆ, ಡಿಪ್ಲೊಮಾಗೆ ಸೀಟು ಸಿಗುವುದು ಬಾಕಿ ಇತ್ತಂತೆ. ಸಂದರ್ಶನದಲ್ಲಿ ಐದು ಜನ ಕೂತಿದ್ದರಂತೆ. ರೇಷ್ಮೆ ಕೇಸಿನ ಬಗ್ಗೆ ಕೇಳಿದರಂತೆ. ಪೇಷೆಂಟೇ ಇಲ್ಲ ಅಂದಿದ್ದಾಳೆ, ನಿನ್ನ ಕಲ್ಪನೆಯನ್ನು ರೋಗಿಯ ಮೇಲೆ ಹೇರುತ್ತೀಯಾ ಎಂದು ಒಬ್ಬರು ಅಂದರಂತೆ. ನಿಮ್ಮಂಥವರು ಹಳ್ಳಿಯಲ್ಲಿ ಸೇವೆ ಮಾಡಬೇಕಪ್ಪ, ಸ್ಪೆಷಲಿಸ್ಟ್ ಆಗಿ ಏನು ಮಾಡುತ್ತೀಯ ಎಂದು ಇನ್ನೊಬ್ಬರು.

"ನನ್ನಿಂದ ಹೋಯ್ತು," ಎಂದೆ.

"ನಿಮ್ಮೊಬ್ರಿಂದಲೇ ಅಲ್ಲ ಬಿಡಿ. ನೀವು ಹೌದು ಅಂದಿದ್ರೂ ಅವರಿಗೆ ಇನ್ನೊಂದು ಸಿಗ್ತಿತ್ತು." ಒಂದು ಮಗುವಿನ ಮೊಣಕಾಲಿಗೆ ಬಟ್ಟೆ ಕಟ್ಟುತ್ತಲೇ ಮಾತಾಡುತ್ತಿದ್ದರು. "ಆ ಐದು ಜನದಲ್ಲಿ ಒಬ್ಬರ ತಾಯಿ ಗೂಡು ಬೇಯ್ಸಿದ್ರೆ ಸಾಕಾಗಿತ್ತು. ನಮ್ಮವ್ವನೂ ಬದುಕ್ತಿದ್ಲು, ಇನ್ನೂ ಎಷ್ಟೋ ಜನ ಬದುಕ್ತಿದ್ರು. ಶಿಡ್ಲಘಟ್ಟದಿಂದ ಕೆಮ್ಮಿಕೊಂಡು ಬರೋರನ್ನ ಈಗ ನಾನಿಲ್ಲೇ ನೋಡ್ತೀನಿ. ಆದ್ರೆ ನಾನು ಬರ್ದಿದ್ದನ್ನ ಅಲ್ಲಿ ಯಾರೂ ಓದಲ್ಲ."

ಹೊರಡುವಾಗ, "ಆ ಮನೇಲಿ ಇರ್ಬೇಡಿ. ಇದ್ರೆ ಉಳಿಯಲ್ಲ," ಎಂದು ಹೇಳಿದರು.

ನನ್ನ ಅಣ್ಣ ಗೌರಿಬಿದನೂರು ಸ್ಟೇಷನ್ನಿನಲ್ಲಿ ಗೂಡ್ಸ್ ಗುಮಾಸ್ತ. ಅವನ ಮನೆಗೆ ಬಂದೆ. ಇಲ್ಲಿ ರೇಷ್ಮೆ ಇಲ್ಲ, ಕೆಮ್ಮೂ ಇಲ್ಲ. ಟಿ.ಬಿ. ಎಂಬ ಸುಳ್ಳು ಮಗುವನ್ನು ಎರಡು ವರ್ಷ ದೂರ ಇಟ್ಟಿತ್ತು. ನಿಜ ಗೊತ್ತಾದ ಮೇಲೆ ನಾನೇ ಆ ಮನೆಯಿಂದ ದೂರ ಇರಬೇಕಾಯಿತು. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡ ಹಾಗೆ ನಾಲ್ಕು ವರ್ಷ ಕಳೆದೆ. ಮಗುವನ್ನು ಕಳಿಸಿ ಎಂದು ಕಾಗದ ಬರೆದೆ. ಹೇಳಿಕಳಿಸಿದೆ. ಯಜಮಾನರು ಬಂದಾಗಲೆಲ್ಲ ಅತ್ತು ಕೇಳಿದೆ. ಟಿ.ಬಿ. ಇರುವವಳ ಹತ್ತಿರ ಮೊಮ್ಮಗಳನ್ನು ಬಿಡುವುದಿಲ್ಲ ಎಂದು ಅತ್ತೆ. ಅದು ಟಿ.ಬಿ. ಅಲ್ಲ ಎಂದು ನಾನು. ಇದೇ ಮಾತನ್ನು ಎಷ್ಟು ಸಲ ಎಷ್ಟು ಜನಕ್ಕೆ ಹೇಳಿದೆನೋ. ವರ್ಷಕ್ಕೊಮ್ಮೆ ಯಜಮಾನರು ರತ್ನನನ್ನು ಕರೆತಂದು ಒಂದು ಗಂಟೆ ತೋರಿಸಿ ವಾಪಸು ಕರೆದೊಯ್ಯುತ್ತಿದ್ದರು. ಅವಳು ನನ್ನನ್ನು ಗೌರಿಬಿದನೂರಮ್ಮ ಎಂದು ಕರೆಯುತ್ತಿದ್ದಳು.

ಎರಡು ತಿಂಗಳ ಹಿಂದೆ ಅತ್ತೆಯೇ ಬಂದರು. ಜೊತೆಗೆ ರತ್ನ. ಒಂದು ಬಟ್ಟೆಗಂಟು. ಹೊಸಿಲು ದಾಟಲಿಲ್ಲ.

ಮಗು ಇಳಿದು ಹೋಗಿತ್ತು. ಕೆಮ್ಮುತ್ತಿತ್ತು. ಆ ಕೆಮ್ಮಿನ ಕೊನೆಗೆ ನನ್ನದೇ ಆ ಸುಂಯ್ ಎನ್ನುವ ಸದ್ದು. ನಂಜಕ್ಕನ ಪಕ್ಕ ಕೂತು ಗೂಡು ಎತ್ತಿಕೊಡುವ ಕೆಲಸಕ್ಕೆ ಹಚ್ಚಿದ್ದರಂತೆ, ಆರು ವರ್ಷದ ಮಗುವನ್ನು.

"ನಿನ್ ಕಾಯ್ಲೆನೇ ಇದಕ್ಕೂ ಬಂದದೆ," ಎಂದರು ಅತ್ತೆ. "ನಿನ್ನ ಮೈದುನನಿಗೆ ಹೆಣ್ಣು ಗೊತ್ತಾಗದೆ. ಬೀಗರ ಕಿವಿಗೆ ಬಿದ್ರೆ ಮದ್ವೆ ಮುರಿಯುತ್ತೆ. ನೀನೇ ಇಟ್ಕೋ. ಟಿ.ಬಿ. ತಾನೇ ಇದು? ನೋಡಿದ್ರೆ ನಿಂಗೆ ಗೊತ್ತಾಗುತ್ತಲ್ಲ."

ಅದು ಟಿ.ಬಿ. ಅಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಂದರೆ ಏನಾಗುತ್ತಿತ್ತು? ಹಾಗಾದರೆ ನಾಲ್ಕು ದಿನ ಕೊಟ್ಟಿಗೆ ಬಿಡಿಸಿ ನಡುಮನೆಯಲ್ಲಿ ಕೂರಿಸುತ್ತೇವೆ ಎಂದು ವಾಪಸು ಕರೆದುಕೊಂಡು ಹೋಗುತ್ತಿದ್ದರು. ಮದುವೆ ಮುಗಿದ ಮೇಲೆ ಮತ್ತೆ ಅದೇ ಆವಿ.

"ಹೌದತ್ತೆ," ಎಂದೆ. "ಅದೇ."

ಅತ್ತೆ ಗಂಟನ್ನು ಜಗಲಿಯ ಮೇಲಿಟ್ಟು, ಮಗುವಿನ ಮುಖ ಸರಿಯಾಗಿ ನೋಡದೆ ಬಸ್ಸಿಗೆ ಹೊರಟುಹೋದರು.

ಮರುದಿನವೇ ಚಿಂತಾಮಣಿಗೆ ಕರೆದೊಯ್ದೆ. ಪಿಳ್ಳಪ್ಪನವರು ಎದೆ ನೋಡಿದರು, ಬೆರಳು ನೋಡಿದರು. ಇಂಜೆಕ್ಷನ್ ಬೇಡ, ನಿಮ್ಮ ಹತ್ತಿರವೇ ಇರಲಿ, ಚೆನ್ನಾಗಿ ಊಟ ಹಾಕಿ ಎಂದರು. ಆರು ವಾರವಾಯಿತು, ರತ್ನ ಕೆಮ್ಮಿಲ್ಲ. ಟಿ.ಬಿ. ಎಂಬ ಹೆಸರು ಇವಳ ಮದುವೆಯ ಹೊತ್ತಿಗೆ ಮತ್ತೆ ತಲೆ ಎತ್ತುತ್ತದೆ, ಗೊತ್ತು. ಆಗ ನೋಡಿಕೊಳ್ಳುತ್ತೇನೆ. ದೇವರಿಗೆ ಕೈ ಮುಗಿಯುತ್ತೇನೆ, ಆದರೆ ಪೂರ್ತಿ ಮನಸ್ಸಿನಿಂದ ಅಲ್ಲ. ಮಗಳ ಎದೆ ಕೆಡಿಸಿ ಮಗಳನ್ನು ಕೊಡುವ ದೇವರಿಗೆ ಎಷ್ಟು ಮುಗಿಯಬೇಕೋ ಅಷ್ಟು.

ಇನ್ನೊಂದು ಹೇಳಿ ಮುಗಿಸುತ್ತೇನೆ. ಅತ್ತೆ ಹೋದ ಮೇಲೆ ಬಟ್ಟೆಗಂಟು ಬಿಚ್ಚಲು ಹೆದರಿ, ಮೂಗಿಗೆ ಸೆರಗು ಕಟ್ಟಿಕೊಂಡು ಅಂಗಳದಲ್ಲಿ ಬಿಚ್ಚಿದೆ. ಎರಡು ಲಂಗ, ಮೂರು ರವಿಕೆ, ಒಂದು ಹೊದಿಕೆ. ಸೆರಗು ತೆಗೆದು ಮೂಸಿದೆ. ಒಂದರಲ್ಲೂ ಗೂಡಿನ ವಾಸನೆ ಇರಲಿಲ್ಲ. ಮೂರು ನಾಲ್ಕು ಸಲ ಸೋಪು ಹಾಕಿ ಒಗೆಯದೆ ಆ ವಾಸನೆ ಹೋಗುವುದಿಲ್ಲ. ಟಿ.ಬಿ. ಎಂದು ನಂಬಿದವರು ಯಾರೂ ಗೂಡಿನ ವಾಸನೆ ಹೋಗಲೆಂದು ಹಾಗೆ ಒಗೆಯುವುದಿಲ್ಲ. ನಂಜಕ್ಕನಿಗೆ ಗೊತ್ತಿತ್ತು. ಗೊತ್ತಿದ್ದೂ ಅತ್ತೆಯ ಮುಂದೆ ಬಾಯಿ ಬಿಡದೆ, ಐದೂವರೆ ವರ್ಷ ಸಾಕಿದ ಮಗುವನ್ನು ನನಗೆ ಕಳಿಸಿ, ಆ ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲಿ ಈಗ ಅವಳೊಬ್ಬಳೇ ಕೂತಿದ್ದಾಳೆ.